ಖಾಲಿ ಎಂದು ಬಿಟ್ಟ ಜಾಗ

ಸ್ಕ್ಯಾನಿಂಗ್ ಕೋಣೆಯ ಹೊರಗೆ ತನ್ನ ಸರದಿಗೆ ಕಾಯುತ್ತಿದ್ದ ಬಸ್ ಚಾಲಕನಿಗೆ ಪಕ್ಕದವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಆಸ್ಪತ್ರೆಯ ನಿಲುವಂಗಿ ತೊಟ್ಟ ಹೆಂಗಸು ಖಗೋಳ ವಿಜ್ಞಾನಿ. ಓಡೋಡಿ ಬಂದಿದ್ದ ಹುಡುಗಿ ಅವರ ಶಿಷ್ಯೆ.

"ಮೇಡಂ, ಇನ್‌ಫ್ರಾರೆಡ್ ಚಿತ್ರ ಬಂತು. ಆಕಾಶದಲ್ಲಿ ನಾವು ಖಾಲಿ ಅಂದ್ಕೊಂಡಿದ್ದ ಆ ಜಾಗ ಖಾಲಿಯಲ್ಲ."

"ಏನಿದೆ?"

"ಕ್ವೇಸಾರ್! ಗ್ಯಾಲಕ್ಸಿ ನಡುವಿನ ಬ್ಲ್ಯಾಕ್ ಹೋಲ್ ಸುತ್ತಲಿದ್ದದ್ದನ್ನೆಲ್ಲ ನುಂಗ್ತಾ ಇದೆ, ಧಗಧಗ ಉರೀತಿದೆ."

"ಇಷ್ಟು ವರ್ಷ ನಮ್ಮ ಕಣ್ಣಿಗೆ ಬೀಳಲಿಲ್ವಲ್ಲೇ! ಧೂಳು ಮರೆಮಾಡಿತ್ತಾ?"

"ಹೂಂ. ಧೂಳು ಬೆಳಕನ್ನೆಲ್ಲ ತಡೆದು ಶಾಖ ಮಾತ್ರ ಹೊರಗೆ ಬಿಡ್ತಿದೆ. ಇನ್‌ಫ್ರಾರೆಡ್‌ಗೆ ಸಿಕ್ಕಿದ್ದು ಆ ಶಾಖ."

ಮೇಡಂ ಮುಖ ಅರಳಿತು. "ಅದೊಂದೇನಾ?"

ಹುಡುಗಿ ದನಿ ತಗ್ಗಿಸಿದಳು. "ಅಲ್ಲ. ಏನೂ ಇಲ್ಲ ಅಂತ ಕೈಬಿಟ್ಟಿದ್ದ ಕಡೆಯೆಲ್ಲ ಮತ್ತೆ ನೋಡ್ತಿದೀವಿ. ಸಿಗ್ತಾನೇ ಇವೆ. ಇನ್ನೆಷ್ಟು ನಮ್ಮ ಕಣ್ತಪ್ಪಿದ್ಯೋ ಅಂತ ನಂಗ್ಯಾಕೋ ಭಯ ಆಗತ್ತೆ."

ಮೇಡಂ ಮುಖ ನಿಧಾನವಾಗಿ ಬಾಡಿದ್ದನ್ನು ಚಾಲಕ ಕಂಡ.

"ಅದಿರ್ಲಿ, ನೀವ್ಯಾಕೆ ಮತ್ತೆ ಇಲ್ಲಿಗೆ ಬಂದ್ರಿ? ಎಕ್ಸ್‌ರೇಲಿ ಏನೂ ಇಲ್ಲ ಅಂದಿದ್ರಲ್ಲ?"

"ಅಂದಿದ್ರು ಕಣೆ. ಕೆಮ್ಮು ಹೋಗ್ಲಿಲ್ಲ. ಇವತ್ತು ಬೇರೆ ಮೆಷಿನ್ನಲ್ಲಿ ನೋಡ್ತಾರಂತೆ."

ಹುಡುಗಿ ಮೇಡಂ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ನರ್ಸ್ ಮೇಡಂ ಹೆಸರು ಕೂಗಿದಳು. ಮೇಡಂ ಕೈಬಳೆ ಬಿಚ್ಚಿ ಶಿಷ್ಯೆಯ ಅಂಗೈಗಿಟ್ಟರು.

"ಹುಡುಕೋದನ್ನ ನಿಲ್ಲಿಸ್ಬೇಡ" ಎಂದು ಒಳಗೆ ನಡೆದರು. ಬಾಗಿಲು ಮುಚ್ಚಿತು.

ಚಾಲಕ ಸರಿದು ಜಾಗ ಮಾಡಿಕೊಟ್ಟ. ಹುಡುಗಿ ಕೂರಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಿದ್ದಳು.