ಸಿದ್ದಮಲ್ಲಪ್ಪನವರ ಕೊರಳಿನ ಲಿಂಗ ಕಾಣೆಯಾದ ಬಗ್ಗೆ

ನನ್ನ ಹೆಸರು ಶಿವನಂಜಮ್ಮ ಕೋಂ ಸಿದ್ದಮಲ್ಲಪ್ಪ, 54 ವರ್ಷ, ಹೈನುಗಾರಿಕೆ, ವಾಸ ಹೆಡತಲೆ ಗ್ರಾಮ, ನಂಜನಗೂಡು ತಾಲ್ಲೂಕು. ಠಾಣೆಗೆ ಖುದ್ದು ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಯಜಮಾನರನ್ನು ಹೊಲದ ಬದುವಿನ ಜಗಳದ ಕೇಸಿನಲ್ಲಿ ದಿನಾಂಕ 10-11-2025ರ ಸೋಮವಾರ ತಿ. ನರಸೀಪುರದ ಜೈಲಿಗೆ ಕಳುಹಿಸಿದರು. ಅವರು ಲಿಂಗಪೂಜೆ ಮಾಡದೆ ಬಾಯಿಗೆ ಏನೂ ಹಾಕುವವರಲ್ಲ. ಗುರುವಾರ ಬೆಳಿಗ್ಗೆ 11 ಗಂಟೆಗೆ ನಾನು ನೋಡಲು ಹೋದಾಗ ಅವರ ಕೊರಳು ಬರಿದಾಗಿತ್ತು. ಸೋಮವಾರ ತಮ್ಮನ್ನು ಒಳಗೆ ಬಿಡುವಾಗ ವಾರ್ಡರ್ ದೀಪಕ್ ಎಂಬುವರು, ದಾರ ಇದ್ದರೆ ನೇಣು ಹಾಕಿಕೊಳ್ಳುತ್ತೀಯ ಎಂದು ಬೆಳ್ಳಿ ಕರಡಿಗೆ ಸಮೇತ ಲಿಂಗ ಬಿಚ್ಚಿಸಿಕೊಂಡರೆಂದೂ, ದಾರ ನೀವೇ ಇಟ್ಟುಕೊಳ್ಳಿ, ಲಿಂಗ ಕೊಡಿ ಎಂದರೂ ಕೊಡಲಿಲ್ಲವೆಂದೂ, ಅಂದಿನಿಂದ ನೀರು ಮಾತ್ರ ಕುಡಿಯುತ್ತಿರುವುದಾಗಿಯೂ ಯಜಮಾನರು ಹೇಳಿದರು. ಮಾತಾಡುವಾಗ ಕಂಬಿ ಹಿಡಿದೇ ನಿಂತಿದ್ದರು.

ನಾನು ದೀಪಕ್‌ರನ್ನು ಕೇಳಿದ್ದಕ್ಕೆ, ನಿಮ್ಮ ಮಗನ ಕೈಗೆ ಕೊಟ್ಟು ಕಳಿಸಿದ್ದೇವೆ ಎಂದರು. ನಮಗೆ ಗಂಡುಮಕ್ಕಳಿಲ್ಲ, ಲಿಖಿತಾ ಒಬ್ಬಳೇ ಮಗಳು. ನಾನು ಹಾಗೆಂದ ಮೇಲೆ, "ಅಂಗಾರೆ ನಿನ್ ಗಂಡನೇ ಬಚ್ಚಲಲ್ಲಿ ಬೀಳಿಸ್ಕಂಡಿರಬೇಕು, ಓಗಮ್ಮ" ಎಂದು ಮುಖ ತಿರುಗಿಸಿದರು. ಜೈಲರ್ ಸಾಹೇಬರ ಹತ್ತಿರ ಹೋದೆ. ಒಳಗೆ ದೇವರ ಫೋಟೋ ಇದೆ, ದಿನಾ ಭಜನೆ ಇದೆ, ಎಲ್ಲರೂ ಅದಕ್ಕೇ ಕೈ ಮುಗಿಯುತ್ತಾರೆ, ನಿಮ್ಮವನಿಗೇನು ಬೇರೆ ಎಂದರು. ಊಟ ಮಾಡುತ್ತಿದ್ದಾನೆ ಎಂದೂ ಹೇಳಿದರು.

ಶನಿವಾರ ಮಧ್ಯಾಹ್ನ ಯಜಮಾನರಿಗೆ ಹೊಟ್ಟೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಜೈಲಿನಿಂದ ಫೋನ್ ಬಂತು. ನಾನು ಹೋದಾಗ ಗ್ಲೂಕೋಸ್ ಹಾಕಿದ್ದರು. ಹೊಟ್ಟೆಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಬೈದ ಮೇಲೆ, ಅಲ್ಲಿ ಕಾವಲಿಗಿದ್ದ ದೀಪಕ್ ಹೊರಗೆ ಹೋಗಿ, ಸಂಜೆ ಒಂದು ಲಿಂಗ ತಂದು, ಸಿಕ್ಕಿತು ತಗೋ ಎಂದು ಕೊಟ್ಟರು. ಯಜಮಾನರು ಅಂಗೈಯಲ್ಲಿಟ್ಟು ನೋಡಿ, "ಇದು ನಂದಲ್ಲ ಕಣಮ್ಮಿ" ಎಂದರು. ಅದರ ತಳದಲ್ಲಿ ಅಂಗಡಿ ಚೀಟಿಯ ಗೋಂದು ಇನ್ನೂ ಅಂಟಿತ್ತು. ನನ್ನ ಕೊರಳಿನ ಲಿಂಗವನ್ನೇ ಬಿಚ್ಚಿ ಕೊಡಲು ಹೋದೆ. ಅದು ನಿನ್ನ ಪ್ರಾಣ, ಬಿಚ್ಚಬೇಡ ಎಂದು ನನ್ನ ಕೈ ಹಿಡಿದುಕೊಂಡರು.

ಭಾನುವಾರ ನಮ್ಮ ಮನೆಗುರುಗಳಾದ ಮಹಾದೇವಸ್ವಾಮಿ ಅಯ್ಯನವರನ್ನು ಕರೆದುಕೊಂಡು ಹೋದೆ. ಕಾವಲಿನವರು ಮೊದಲು ಬಿಡಲಿಲ್ಲ, ಡಾಕ್ಟರು ಹೇಳಿದ ಮೇಲೆ ಬಿಟ್ಟರು. ಅಯ್ಯನವರು ಬೇರೆ ಲಿಂಗ ಕಟ್ಟಿದರು. ಯಜಮಾನರು ಮಲಗಿದ್ದಲ್ಲೇ ಪೂಜೆ ಮಾಡಿ ಎರಡು ಚಮಚ ಗಂಜಿ ಕುಡಿದರು. ಆಮೇಲೆ, ಎಂಟು ವರ್ಷದ ಹುಡುಗನಾಗಿದ್ದಾಗಿನಿಂದ ಜೊತೆಗಿದ್ದದ್ದು ಎಲ್ಲೋಯ್ತೋ ಎಂದು ಗೋಡೆ ಕಡೆ ತಿರುಗಿಕೊಂಡರು.

ನನಗೆ ಬೆಳ್ಳಿ ಬೇಡ. ಲಿಂಗ ಎಲ್ಲಿದೆ, ನನಗೆ ಎರಡು ಸುಳ್ಳು ಹೇಳಿ ಮೂರನೆಯದನ್ನು ಅಂಗಡಿಯಿಂದ ತಂದದ್ದು ಯಾಕೆ ಎಂದು ದೀಪಕ್‌ರನ್ನು ವಿಚಾರಿಸಬೇಕು. ನಾಳೆ ಯಜಮಾನರನ್ನು ಮತ್ತೆ ಅದೇ ಜೈಲಿಗೆ ಕರೆದೊಯ್ಯುತ್ತಾರಂತೆ. ಅವರು ಈಗಲೇ ಅಯ್ಯನವರು ಕಟ್ಟಿದ ಲಿಂಗವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಮಲಗಿದ್ದಾರೆ, ನಾನು ಕೇಳಿದರೂ ಬಿಚ್ಚುತ್ತಿಲ್ಲ.

ಬರೆದುಕೊಂಡದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ತಿ. ನರಸೀಪುರ
ದಿನಾಂಕ: 17-11-2025
ಸಹಿ: ಶಿವನಂಜಮ್ಮ