ಹಬ್ಬ ಕಳೆದರೂ ಕೆಂಪು

ವಿರಾಜಪೇಟೆಯ ಆಸ್ಪತ್ರೆಯಲ್ಲಿ ನನ್ನ ಅಜ್ಜಿಯ ಪಕ್ಕದ ಮಂಚದಲ್ಲಿ ಒಬ್ಬಾತ ಜ್ವರದಿಂದ ಮಲಗಿದ್ದ. ಹೆಂಡತಿ ಅವನ ಕಾಲಿಗೆ ಅಂಟಿದ್ದ ಗದ್ದೆಯ ಕೆಸರನ್ನು ಸದ್ದಿಲ್ಲದೆ ಒರೆಸುತ್ತಿದ್ದಳು. ಮೀನಖಂಡಕ್ಕೆ ಬಟ್ಟೆ ತಾಗಿದ್ದೇ ಆತ ಚೀರಿದ. ಡಾಕ್ಟರಮ್ಮ ಬಂದು ಅಲ್ಲೇ ಒತ್ತಿ ನೋಡಿದರು, ಕಣ್ಣು ಬಿಡಿಸಿ ನೋಡಿದರು.

“ಕಣ್ಣು ಹಳದಿಯಾಗಿದೆ. ಮೂತ್ರ ಹೇಗೆ ಹೋಗ್ತಿದೆ?”

“ಕೆಂಪಗೆ, ಮೇಡಂ. ಹಬ್ಬ ಆದಾಗಿಂದ,” ಎಂದಳು ಹೆಂಡತಿ.

ಬಾಗಿಲಲ್ಲಿ ನಿಂತಿದ್ದ ಅವನ ಅಣ್ಣ ನಕ್ಕ. “ನೀವು ಹೊರಗಿನವರು ಮೇಡಂ. ಕಕ್ಕಡ ಹದಿನೆಂಟರ ಹಬ್ಬಕ್ಕೆ ಮದ್ದುಸೊಪ್ಪಿನ ಪಾಯಸ ತಿಂದ್ರೆ ಇಲ್ಲಿ ಎಲ್ರಿಗೂ ಕೆಂಪೇ ಹೋಗೋದು.”

“ನಿಮ್ಮದು ಮಾರನೇ ದಿನ ಸರಿಯಾಯ್ತಲ್ಲ ಭಾವ? ಇವರದ್ದು ಇನ್ನೂ ಕೆಂಪು. ಹೇಳಿದ್ರೆ, ಎರಡು ಬಟ್ಟಲು ಜಾಸ್ತಿ ತಿಂದಿದ್ದಾನೆ ಅಂತ ನಕ್ಕಿರಿ.”

“ನಾಟಿ ಮುಗೀಬೇಕಿತ್ತಲ್ಲ ಲಿಖಿತಾ.”

“ಅದಕ್ಕೇ ಜ್ವರ ಇದ್ರೂ ಇವತ್ತು ಗದ್ದೆಗೆ ಇಳಿಸಿದ್ರಿ!”

“ಅದು ಸೊಪ್ಪಿನ ಬಣ್ಣ ಅಲ್ಲ, ರಕ್ತ,” ಎಂದರು ಡಾಕ್ಟರಮ್ಮ. “ಇಲಿಜ್ವರ ಇರಬೇಕು, ಕಿಡ್ನಿಗೆ ಇಳಿದಿದೆ. ಇಂಜೆಕ್ಷನ್ ಈಗಲೇ ಕೊಡ್ತೇನೆ. ಮೈಸೂರಿಗೆ ಹೊರಡಿ. ಇನ್ನು ತಡವಾದ್ರೆ ಉಳಿಸೋದು ಕಷ್ಟ.”

ಅಣ್ಣನ ನಗು ನಿಂತಿತು.

ಆತನನ್ನು ಆಂಬುಲೆನ್ಸಿಗೆ ಹತ್ತಿಸಿದರು. ಲಿಖಿತಾ ಅವನ ತಲೆಯ ಬಳಿ ಕೂತಳು. ಅಣ್ಣ ಓಡಿ ಬಂದು ಬಾಗಿಲು ಹಿಡಿದ.

“ಲಿಖಿತಾ, ನಾನೂ ಬರ್ತೇನೆ. ಸ್ವಲ್ಪ ಜಾಗ ಕೊಡು.”

ಲಿಖಿತಾ ಬಾಗಿಲತ್ತ ನೋಡದೆ ಗಂಡನ ಹೊದಿಕೆ ಸರಿಮಾಡಿದಳು.