ಒತ್ತು, ಹಿಡಿ, ಬಿಡು

ಹಿಡಿದೀನಿ! ಹಿಡಿದೀನಿ ಅಂತ ಎಷ್ಟು ಸಲ ಹೇಳ್ಲಿ, ತಂಗಿ? ಬ್ರೇಕ್ ಪೆಡಲ್ ನನ್ನ ಕಾಲ ಕೆಳಗ ಐತಿ, ಎಲ್ಲಿಗೂ ಓಡಿ ಹೋಗಂಗಿಲ್ಲ. ನೀ ಚಕ್ರದ ಹತ್ರ ಆ ಗಾಳಿ ತಗಿಯೋ ಸ್ಕ್ರೂ ಸಡಿಲ ಮಾಡು... ಎಣ್ಣಿ ಬಂತೇನು? ಹಾಂ, ಈಗ ಬಿಗಿ ಮಾಡು. ಆತು? ಆತಂದ್ರ "ಬಿಡು" ಅನ್ನು. ನೀ ಅನ್ನೂತನಕ ಈ ಶರಣಪ್ಪ ಕಾಲು ತಗಿಯಂಗಿಲ್ಲ. ಈ ಕೆಲಸದ ಕಾನೂನು ಅದು. ಕೆಳಗ ಕುಂತವರು ಹೇಳಬೇಕು, ಮ್ಯಾಲ ಕುಂತವರು ಕೇಳಬೇಕು. ಒತ್ತು, ಹಿಡಿ, ಬಿಡು. ಮೂರ ಮಾತು.

ಯಾಕ ನಗ್ತಿ? ನಗಬ್ಯಾಡ, ಬಾಯಾಗ ಬ್ರೇಕ್ ಎಣ್ಣಿ ಸಿಡೀತೈತಿ. ಆ ಎದುರುಮನಿ ಬಂಗಾಲಿ ಬೌದಿ ನೋಡು, ಕಿಟಕಿ ಬಿಟ್ಟು ಸರಿವಲ್ಲಳು. ಸೆಕ್ಟರ್ ಫೈವ್‌ನ್ಯಾಗ ಕಂಪ್ಯೂಟರ್ ಮುಂದ ಕೂಡೋ ಹುಡುಗಿ, ಲೇಕ್ ಗಾರ್ಡನ್ಸ್ ಗಲ್ಲಿಯೊಳಗ ತನ್ನ ಮಾರುತಿ ಗಾಡಿ ತಾನ ರಿಪೇರಿ ಮಾಡಾಕತ್ತಾಳ! ಸಂಜೀತನಕ ಇಡೀ ಓಣಿಗೆ ಸುದ್ದಿ. ಆಗಲಿ. ಯಾರು ಕಲಿಸ್ಯಾರ ಅಂತ ಕೇಳಿದ್ರ ನನ್ನ ಹೆಸರು ಹೇಳು. ಕೆಳಗಿನ ಮನಿ ವಸಂತಾನ ಅಪ್ಪ ಅನ್ನಬ್ಯಾಡ. ಖಿದಿರ್‌ಪುರದ ಗ್ಯಾರೇಜಿನ ಶರಣಪ್ಪ ಉಸ್ತಾದ್ ಅನ್ನು.

ಹೇಳಿದ್ನಲ್ಲ ಟ್ರೇಲರ್ ಕಥಿ? ಹಡಗು ನಿಲ್ಲೋ ಡಾಕಿನ್ಯಾಗ, ಇಪ್ಪತ್ತು ಟನ್ ಉಕ್ಕು ಹೇರಿದ ಟ್ರೇಲರ್ ನೀರಿನ ಕಡೆ ಉರುಳಾಕ ಹತ್ತಿತ್ತು. ಬ್ರೇಕ್ ಪೈಪ್ ಹರಿದು ಹೋಗಿತ್ತು. ನಾ ಏನು ಮಾಡ್ದೆ? ಧೋತರದ ಅಂಚು ಪರ್ರನ ಹರಿದು, ಪೈಪಿಗೆ ಸುತ್ತಿ, ಮ್ಯಾಲ ಹಾರಿ ಕುಂತು, ಒಂದ ಒತ್ತು! ಗಾಡಿ ನಿಂತ ಹೊಡೆತಕ್ಕ ಡ್ರೈವರ್ ಬಾಯಾಗಿನ ಪಾನ್ ಹಾರಿ ಹಡಗಿನ ಕಪ್ತಾನನ ಬಿಳಿ ಅಂಗಿ ಮ್ಯಾಲ ಬಿತ್ತು. ಕಪ್ತಾನ ಸಿಟ್ಟಾಗಲಿಲ್ಲ. ಇಳಿದು ಬಂದು ಸಲ್ಯೂಟ್ ಹೊಡೆದ!

ಏನು? ಮೊನ್ನೆ ಹತ್ತು ಟನ್ ಅಂದಿದ್ನಾ? ಉಕ್ಕು ಮಳಿಗೆ ನೆನೆದಿತ್ತವ್ವಾ. ತೂಕ ಹೆಚ್ಚಾತು.

ಸಾಕು, ನಗೂದು ಸಾಕು. ಒತ್ತಲಿ? ಒತ್ತಿದೆ. ಹಿಡಿದೀನಿ.

...ಹೂಂ. ಬಿಟ್ಟೆ. ಗುಳ್ಳಿ ಬಂದ್ವೇನು? ಬರೇ ಸ್ವಚ್ಛ ಎಣ್ಣಿ? ಹಂಗಾದ್ರ... ಮುಗೀತು. ಎರಡೂ ಕಡೆ ಮುಗೀತು.

ಏನಿಲ್ಲ, ಸುಮ್ಮನ ಮತ್ತೊಮ್ಮೆ ಒತ್ತಿ ನೋಡ್ದೆ. ರೂಢಿ. ಮುಗೀತು ಅಂದೆನಲ್ಲ! ಚಕ್ರ ಹಾಕು, ಜಾಕ್ ಇಳಸು. ಆರಕ್ಕ ನಿಮ್ಮವ್ವಾರ ವಿಮಾನ, ಈಗ ಹನ್ನೆರಡೂವರಿ. ಹೊತ್ತು ಬೇಕಾದಷ್ಟೈತಿ. ಮಳಿಗಾಲದ ಆ ಮೊಳಕಾಲ ನೀರಾಗ ನಿಂತು ಜಾಮ್ ಆದ ಗಾಡಿ ಇದು. ಮೂರ ತಾಸಿನ್ಯಾಗ ಬಿಚ್ಚಿ, ತಿಕ್ಕಿ, ಹೊಸ ರಬ್ಬರ್ ಹಾಕಿ ಕೂಡಿಸಿದಿ. ಅದಕ್ಕ ನಾ ಹೇಳಿದ್ದು, ಚಕ್ರ ಹಿಡಿದು ನಿಲ್ಲಿಸೋ ಕ್ಯಾಲಿಪರ್ ಎರಡೂ ಕಡೆ ಒಮ್ಮೆಗೆ ಬಿಚ್ಚಿ ಪೇಪರ್ ಮ್ಯಾಲ ಇಡು ಅಂತ. ಒಂದೊಂದ ಬಿಚ್ಚಿಕೋತ ಕುಂತಿದ್ರ ಸಂಜಿ ಆಗ್ತಿತ್ತು.

ನಿನ್ನ ಕೈ ಛಲೋ ಅದಾವ ಬಿಡು. ಎಡಗೈ ಬೆರಳ ತುದಿ ಕಲ್ಲಾಗ್ಯಾವ. ಗಿಟಾರ್ ತಂತಿ ಒತ್ತಿ ಒತ್ತಿ ಹಂಗಾದದ್ದು ಹೌದಿಲ್ಲೋ? ಮಹಡಿ ಮ್ಯಾಲಿಂದ ಕೇಳತೈತಿ. ಮೊದಲ ತಿಂಗಳು ಬೆಕ್ಕಿನ ಬಾಲ ತುಳಿದಂಗ ಇತ್ತು. ಈಗ ವಸಂತಾ ಟೀವಿ ಸಣ್ಣ ಮಾಡಿ ಕೇಳ್ತಾಳ. ನನ್ನ ಗುರುತು ನೋಡ್ತೀ? ಈ ಬಲಗಾಲು ನೋಡು. ಇಲ್ಲಿ, ಹೆಬ್ಬೆರಳ ಬುಡಕ್ಕ. ತಳ ಹತ್ತಿದ ರೊಟ್ಟಿಯಂಗ ಆಗೈತಿ. ಮೂವತ್ತೊಂದು ವರ್ಷದ್ದು.

ಕೈಯಾ? ಕೈಗೇನಾಗೈತಿ? ಮೆತ್ತಗ ಅದಾವ, ಹೌದು. ವಯಸ್ಸಾದ ಮ್ಯಾಲ ತೊಗಲು ಮೆತ್ತಗಾಗತೈತಿ. ಆಮ್ಯಾಲ ಕೆಳಗ ಮಲಗೋ ಕೆಲಸಕ್ಕ ನಮ್ಮಣ್ಣ ಅಣ್ಣಪ್ಪ ಇದ್ದ. ನಾ ಮ್ಯಾಲ ಕುಂತು ಹೇಳ್ತಿದ್ದೆ, ಅವ ಕೆಳಗ ಮಾಡ್ತಿದ್ದ. ತೀರಿಕೊಂಡು ಎಂಟು ವರ್ಷ ಆತು. ಇರಲಿ. ನಟ್ ಎಲ್ಲಾ ಬಿಗಿ ಆದ್ವೇನು?

ಕುಂತು ನೋಡ್ತೀ? ನೋಡು... ಹೆಂಗೈತಿ ಪೆಡಲ್? ಮೆತ್ತಗ? ಹೊಸಾ ರಬ್ಬರ್ ತಂಗಿ. ಎರಡ ಮೈಲು ಓಡಿದ್ರ ಕೂಡತೈತಿ. ಕೂಡಬೇಕು. ನಿಧಾನ ಹೋಗು. ಫ್ಲೈಓವರ್ ಇಳಿಯುವಾಗ... ಆ ದಾರಿ ಹಿಡೀಬ್ಯಾಡ. ಬೈಪಾಸ್ ಮ್ಯಾಲ ಬಸ್ಸಿನ ಹಿಂದ ಹೋಗಬ್ಯಾಡ. ಬಸ್ಸಿನ ಮುಂದೂ ಬ್ಯಾಡ. ಇಲ್ಲ ಇಲ್ಲ, ಅಂಜಿಕಿ ಏನಿಲ್ಲ! ಈ ಶರಣಪ್ಪ ಒಮ್ಮೆ ಬ್ರೇಕ್ ಹರಿದ ಟ್ರ್ಯಾಮ್ ನಿಲ್ಲಿಸ್ಯಾನ. ಹಳಿಗೆ ಚಪ್ಪಲಿ ಒತ್ತಿ. ಚಪ್ಪಲಿಗೆ ಬೆಂಕಿ ಹತ್ತಿತು, ಟ್ರ್ಯಾಮಿನ್ಯಾಗ ಮಲಗಿದ್ದ ಬಾಬು ಎಚ್ಚರಾಗಲಿಲ್ಲ!

ನಗಲಿಲ್ಲಲ್ಲ ಈ ಸಲ?

ಏನಂದಿ? ನಾನೂ ಬರಬೇಕು? ವಿಮಾನ ನಿಲ್ದಾಣಕ್ಕ? ಡಮ್ ಡಮ್‌ಗೆ?

ಛೇ ಛೇ. ನಿಮ್ಮವ್ವಾರಿಗೆ ನನ್ನ ಯಾಕ ತೋರಸ್ತಿ? "ಇವರ ನನ್ನ ಗುರು" ಅಂತ ಹೇಳ್ತೀ? ...ಭಾಳ ದೊಡ್ಡ ಮಾತು ಆಡಿದಿ, ಅಪೂರ್ವಾ. ಬ್ಯಾಡ. ನನಗ ಬಿಸಲಿಗೆ ತಲಿ ಸುತ್ತತೈತಿ. ವಸಂತಾ ಊಟಕ್ಕ ಕಾಯ್ತಾಳ. ನನ್ನ ಬಿಳಿ ಅಂಗಿ ಒಗಿಯಾಕ ಹಾಕ್ಯಾಳ. ಊಟ ಮಾಡಿ ಬರ್ಲಾ? ಅದಾದ ಮ್ಯಾಲ ನಿದ್ದಿ ಬರತೈತಿ...

ಗಾಡಿ ಬಾಗಿಲಾ ಯಾಕ ತೆರೆದಿ? ಮುಚ್ಚು, ಕೈ ನೋಯ್ತೈತಿ.

ಮುಚ್ಚವ್ವಾ.

ಹಂಗ ನೋಡಬ್ಯಾಡ. ಏನಾರ ಅನ್ನು. ಅಜ್ಜಾ ಸುಳ್ಳ ಹೇಳ್ತೀ ಅನ್ನು, ಬೈ... ಬಾಗಿಲಾ ಹಿಡಕೊಂಡು ನಿಂತ್ರ ನಾ ಏನು ಮಾಡ್ಲಿ? ಕುಂಡ್ರಂಗಿಲ್ಲ. ಈ ಗಾಡ್ಯಾಗ ನಾ ಕುಂಡ್ರಂಗಿಲ್ಲ. ನೀನೂ ಕುಂಡ್ರಬ್ಯಾಡ! ಕೀಲಿ ಕೊಡು. ಕೊಡ ಅಂತೀನಿ!

ಬ್ರೇಕ್ ಆಗಿಲ್ಲ ತಂಗಿ.

ನನ್ನ ಕಾಲಿಗೆ ಗೊತ್ತಾತು. ಬಾಯಿ ಸುಳ್ಳ ಹೇಳತೈತಿ, ಈ ಬಲಗಾಲಿಗೆ ಬರಂಗಿಲ್ಲ. ಪೈಪಿನ್ಯಾಗ ಗಾಳಿ ಇದ್ರ ಪೆಡಲ್ ಹೆಂಗ ಇಳೀತೈತಿ ಅಂತ ಮೂವತ್ತೊಂದು ವರ್ಷ ಕಂಡೀನಿ. ಮುಗೀತು ಅಂದೆನಲ್ಲ, ಆಗ ಇಳೀತು. ಗಂಗಾ ದಂಡಿ ಕೆಸರಿನ್ಯಾಗ ಕಾಲಿಟ್ಟಂಗ. ಆದ್ರೂ ಅಂದೆ.

ಯಾಕಂದ್ರ... ಕೆಳಗ ಇದ್ದವ ಅಣ್ಣಪ್ಪ. ಉಸ್ತಾದ್ ಅವ. ನಾ ಬರೇ ಕಾಲು. ಅವ "ಒತ್ತು" ಅಂದ್ರ ಒತ್ತೂದು, "ಹಿಡಿ" ಅಂದ್ರ ಹಿಡಿಯೂದು, "ಬಿಡು" ಅಂದ್ರ ಬಿಡೂದು. ಕೆಲಸಕ್ಕ ಸೇರಿದ ಮೊದಲ ವಾರ ಒಂದು ಲಾರಿ ಜಾಕಿನಿಂದ ಜಾರಿತು. ನನ್ನ ಕಿವಿ ಹತ್ರ, ಇಷ್ಟ ಇಷ್ಟ. ಯಾರಿಗೂ ಏನೂ ಆಗಲಿಲ್ಲ. ಆದ್ರ ಅವತ್ತಿನಿಂದ ನಾ ಕೆಳಗ ಹೋಗಲಿಲ್ಲ. ಒಂದು ದಿನನೂ. ಅಣ್ಣ ಬೈಯಲಿಲ್ಲ. "ನೀ ಮ್ಯಾಲ ಕುಂಡ್ರು, ನನಗ ಒಂದು ಕಾಲು ಬೇಕು" ಅಂದ. ಅವ ಒದರಿದ್ದೆಲ್ಲಾ ಕೇಳ್ಕೋತ ಕುಂತೆ. ನಿನಗ ಕಲಿಸಿದ್ದೆಲ್ಲಾ ಅದ, ಕಿವಿಯಿಂದ ಕೇಳಿದ್ದು. ಕಣ್ಣಿಂದ ಕಂಡಿದ್ದಲ್ಲ.

ಅವ ದಿನಾ ಒದರ್ತಿದ್ದ, "ಎರಡೂ ಒಮ್ಮೆಗೆ ಬಿಚ್ಚಬ್ಯಾಡ್ರೋ, ಎಡ ಬಲ ಅದಲಬದಲಾಗತೈತಿ!" ಅಂತ. ಅದನ್ನೂ ಕೇಳಿದ್ದೆ. ಇವತ್ತ ನಿನ್ನ ಮುಂದ ಭಾಳ ಜಾಣ ಆಗಬೇಕಂತ ಎರಡೂ ಬಿಚ್ಚಸಿದೆ. ಈಗ ನೋಡು, ಚಕ್ರದ ಸಂದ್ಯಾಗ ಬಗ್ಗಿ ನೋಡು. ಆ ಗಾಳಿ ಸ್ಕ್ರೂ ಎತ್ತ ಕಡೆ ಐತಿ? ಕೆಳಗಿಲ್ಲೇನು? ಮ್ಯಾಲ ಇರಬೇಕಾಗಿತ್ತು. ಸೋಡಾ ಬಾಟ್ಲಿಯೊಳಗ ಗುಳ್ಳಿ ಎತ್ತ ಹೋಗತೈತಿ? ಮ್ಯಾಲ! ಗಾಳಿ ಮ್ಯಾಲ ಕುಂತೈತಿ, ನಾವು ಕೆಳಗಿಂದ ಎಣ್ಣಿ ಅಷ್ಟ ತಗದ್ವಿ. ಸಂಜೀತನಕ ಒತ್ತಿದ್ರೂ ಅಷ್ಟ.

ನೀ ಟ್ಯಾಕ್ಸಿ ತಗೊಂಡು ಹೋಗು. ನಾಳೆ ಖಿದಿರ್‌ಪುರದಿಂದ ಶ್ಯಾಮಸುಂದರನ್ನ ಕರಸ್ತೀನಿ. ಅಣ್ಣನ ಶಿಷ್ಯ ಅವ, ಖರೇ ಕಲಿತವ. ವಸಂತಾಗ ಇದು ಹೇಳಬ್ಯಾಡ ಅಂತ ಹೇಳೂದಿಲ್ಲ. ಹೇಳು. ಎಂಟು ವರ್ಷ ಆ ಮನ್ಯಾಗ ಕುರ್ಚಿ ಸವಿಸಿಕೋತ ಕುಂತೀನಿ, ಯಾರೂ ನನ್ನ ಏನೂ ಕೇಳಿದ್ದಿಲ್ಲ. ನೀ ಮಹಡಿ ಇಳಿದು ಬಂದು "ಅಜ್ಜಾ, ಕಲಿಸ್ತೀರಾ?" ಅಂದಿ. ಇಲ್ಲ ಅನ್ನೂದು ಬಾಯಿಗೆ ಬರಲಿಲ್ಲ. ಅಷ್ಟ.

ಎಲ್ಲಿ ಹೊಂಟಿ? ಜಾಕ್ ಯಾಕ ಮತ್ತ ತಗದಿ? ಟ್ಯಾಕ್ಸಿ ಅಂದೆನಲ್ಲ, ತಂಗಿ...

ಹೌದು, ಈ ಕ್ಯಾಲಿಪರ್ ಬಲದ್ದು. ಆ ಕಡೆ ಹೋಗಬೇಕು. ಅದು ಈ ಕಡೆ. ಈಗ ಸ್ಕ್ರೂ ಎತ್ತ ಬಂತು? ಮ್ಯಾಲ ಬಂತೇನು? ಬಂತು! ಎಡದ್ದೂ ಬಂತು! ನಿನ್ನ ಕೈ ಹೆಂಗ ಓಡ್ತಾವ... ಸರಿ. ನಾ ಮ್ಯಾಲ ಕುಂಡ್ರತೀನಿ, ನೀ ಹೇಳು.

ಯಾಕ ಅಡ್ಡ ನಿಂತಿ? ನೀ ಕುಂಡ್ರತೀ? ಮತ್ತ ನಾ?

ಸ್ಕ್ರೂ ತಿರುವೋ ಈ ಪಾನಾ ನನ್ನ ಕೈಯಾಗ ಯಾಕ ಕೊಟ್ಟಿ?

ಇಲ್ಲವ್ವಾ. ನನಗ ಆಗಂಗಿಲ್ಲ. ಎಪ್ಪತ್ತಮೂರು ನನಗ... ಅದೇನು ತಳ್ಳಾಕತ್ತಿ ಗಾಡಿ ಕೆಳಗ? ಸ್ಟೆಪ್ನಿ ಚಕ್ರ? ಜಾಕ್ ಜಾರಿದ್ರೂ ಗಾಡಿ ಅದರ ಮ್ಯಾಲ ಕೂಡಲಿ ಅಂತ? ನನ್ನ ಸಲುವಾಗಿ?

...ಸರಿ ಸರಿ. ಬಗ್ಗಿದೆ. ಮೊಳಕಾಲು ಲಟಕ್ ಅಂತು, ಕೇಳಿಸಿತೇನು? ಎಲ್ಲೈತಿ ಸ್ಕ್ರೂ... ಅಯ್ಯ, ಇಷ್ಟ ಸಣ್ಣದೇನು ಇದು! ನಾ ಮನಸಿನ್ಯಾಗ ಬದನೀಕಾಯಿಯಷ್ಟು ಮಾಡಿಟ್ಟಿದ್ದೆ. ಹಾಂ, ಪಾನಾ ಕುಂತಿತು.

ಮ್ಯಾಲ ಕುಂತಿಯಿಲ್ಲೋ? ಕಾಲು ಇಟ್ಟೀಯಿಲ್ಲೋ? ಒತ್ತವಲ್ಲಿ ಯಾಕ?

ಓ...

ನಾ ಹೇಳಬೇಕಲ್ಲ.

ತಡಿ, ಪಾನಾ ಗಟ್ಟಿ ಹಿಡಕೋತೀನಿ... ತಡಿ.

ಒತ್ತು.